ಮೊದಲು ಮುರಿಯಬೇಕಾದದ್ದು ಯಾವುದು?
ಹಳೆಯ ಸೇನಾ ಟ್ರಕ್ಕಿಗೆ ಮುಂಭಾಗದ ವಿಂಚ್ ಜೋಡಿಸುವುದರಲ್ಲಿ ಅಡಗಿರುವ ಭೌತಶಾಸ್ತ್ರ

ಮಳೆಗಾಲದಲ್ಲಿ ಕೆಸರಿಗೆ ಹೂತ ಲಾರಿಯನ್ನು ನೋಡದವರು ನಮ್ಮಲ್ಲಿ ಕಡಿಮೆ. ಚಾಲಕ ಎಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಗಿರಗಿರನೆ ತಿರುಗುತ್ತದೆ, ಕೆಸರು ಹಾರುತ್ತದೆ, ಲಾರಿ ಮಾತ್ರ ಇನ್ನಷ್ಟು ಕೆಳಗಿಳಿಯುತ್ತದೆ. ಎಂಜಿನ್‌ಗೆ ಬಲ ಇಲ್ಲವೆಂದಲ್ಲ. ಆ ಬಲವನ್ನು ನೆಲಕ್ಕೆ ದಾಟಿಸುವ ಘರ್ಷಣೆ ಅಲ್ಲಿಲ್ಲ. ನೆಲವನ್ನು ಹಿಂದಕ್ಕೆ ತಳ್ಳಲಾಗದ ಚಕ್ರವನ್ನು ನೆಲವೂ ಮುಂದಕ್ಕೆ ತಳ್ಳುವುದಿಲ್ಲ. ಇದು ನ್ಯೂಟನ್ನನ ಮೂರನೆಯ ನಿಯಮ.

ಹಾಗಾದರೆ ಬೇರೊಂದು ಕಡೆಯಿಂದ ಆಧಾರ ಪಡೆಯಬೇಕು. ದೂರದ ಗಟ್ಟಿ ಮರಕ್ಕೆ ಉಕ್ಕಿನ ಕೇಬಲ್ ಕಟ್ಟಿ, ಲಾರಿಯ ಮುಂದಿರುವ ಉರುಳೆಗೆ ಅದನ್ನು ಸುತ್ತಿಕೊಳ್ಳುತ್ತ ಹೋದರೆ ಲಾರಿ ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದೆ. ಈ ಉರುಳೆಯ ಯಂತ್ರವೇ ವಿಂಚ್. ಬಾವಿಯಿಂದ ನೀರು ಸೇದುವ ಕೈಗಾಲಿಯೂ, ಮಲ್ಪೆ, ಮಂಗಳೂರಿನ ಟ್ರಾಲ್ ದೋಣಿಗಳಲ್ಲಿ ಬಲೆ ಎಳೆಯುವ ಯಂತ್ರವೂ ಇದೇ ಕುಟುಂಬದವು.

ಎರಡನೇ ಮಹಾಯುದ್ಧ ಕಾಲದ ಒಂದು ಅಮೆರಿಕನ್ ಟ್ರಕ್ಕಿಗೆ ಇಂತಹ ವಿಂಚ್ ಅನ್ನು ಜೋಡಿಸುವುದು ಹೇಗೆ ಎಂಬುದು ಈ ಸಂಚಿಕೆಯ ಪಾಠ. ಸನ್ನೆ, ಟಾರ್ಕ್, ಘರ್ಷಣೆ, ರಾಟೆ, ಸ್ಥಿತಿಸ್ಥಾಪಕ ಶಕ್ತಿ ಎಂದು ನೀವು ಪಿಯುಸಿ ತರಗತಿಗಳಲ್ಲಿ ಓದುವ ಅಧ್ಯಾಯಗಳೆಲ್ಲ ಈ ಒಂದೇ ಯಂತ್ರದಲ್ಲಿ ಸಿಗುತ್ತವೆ. ಪಾಠದುದ್ದಕ್ಕೂ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ಹೊರೆ ಮಿತಿ ಮೀರಿದಾಗ ಮೊದಲು ಮುರಿಯಬೇಕಾದ ಭಾಗ ಯಾವುದು?

ಟ್ರಕ್ಕಿನ ಪರಿಚಯ

ನಾವು ಆರಿಸಿಕೊಂಡಿರುವುದು ಜಿಎಂಸಿ ಸಿಸಿಕೆಡಬ್ಲ್ಯು. ಇದು ಎರಡೂವರೆ ಟನ್ ವರ್ಗದ, ಮೂರು ಅಚ್ಚುಗಳಿಗೂ ಎಂಜಿನ್ ಬಲ ಸಿಗುವ ಟ್ರಕ್. 1941ರಿಂದ 1945ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಹೆಸರಿನ ಅಕ್ಷರಗಳಿಗೂ ಅರ್ಥವಿದೆ. ಮೊದಲ ‘ಸಿ’ 1941ರ ವಿನ್ಯಾಸವೆಂದು ಸೂಚಿಸುತ್ತದೆ, ಎರಡನೆಯ ‘ಸಿ’ ಎಂಜಿನ್ ಮುಂದಿರುವ ಸಾಮಾನ್ಯ ಕ್ಯಾಬಿನ್ ಎಂದು, ‘ಕೆ’ ಮುಂದಿನ ಚಕ್ರಗಳಿಗೂ ಚಾಲನೆ ಇದೆ ಎಂದು, ‘ಡಬ್ಲ್ಯು’ ಹಿಂದೆ ಎರಡು ಚಾಲಿತ ಅಚ್ಚುಗಳಿವೆ ಎಂದು. ಎಂಜಿನ್ ಆರು ಸಿಲಿಂಡರಿನದು, ಸುಮಾರು 4.4 ಲೀಟರ್, ಸುಮಾರು 91 ಅಶ್ವಶಕ್ತಿ.

1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ಫ್ರಾನ್ಸಿನಲ್ಲಿ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಸರಬರಾಜು ವ್ಯವಸ್ಥೆ ನಡೆಯಿತು. ಮುಂದೆ ಸಾಗುತ್ತಿದ್ದ ಸೈನ್ಯಕ್ಕೆ ಇಂಧನ, ಆಹಾರ, ಮದ್ದುಗುಂಡು ಮುಟ್ಟಿಸಿದ್ದು ಹೆಚ್ಚಾಗಿ ಇಂತಹ ಟ್ರಕ್‌ಗಳೇ. ಅವುಗಳನ್ನು ಹಗಲಿರುಳೂ ಓಡಿಸಿದ ಚಾಲಕರಲ್ಲಿ ಸುಮಾರು ಮುಕ್ಕಾಲು ಭಾಗ ಕಪ್ಪು ಅಮೆರಿಕನ್ನರು. ಅಂದಿನ ಅಮೆರಿಕನ್ ಸೇನೆ ಅವರನ್ನು ಪ್ರತ್ಯೇಕ ಘಟಕಗಳಲ್ಲಿಟ್ಟಿತ್ತು. ಯುದ್ಧದ ಇತಿಹಾಸ ಓದುವಾಗ ಈ ಚಾಲಕರನ್ನೂ ನೆನೆಯಬೇಕು.

ಈ ಟ್ರಕ್‌ಗಳಲ್ಲಿ ಕೆಲವಕ್ಕೆ ಮಾತ್ರ ಕಾರ್ಖಾನೆಯಲ್ಲೇ ಮುಂಭಾಗದ ವಿಂಚ್ ಹಾಕಿದ್ದರು. ಅದರ ಎಳೆಯುವ ಮಿತಿ 10,000 ಪೌಂಡ್, ಅಂದರೆ ಸುಮಾರು 4,536 ಕಿಲೋಗ್ರಾಂ ತೂಕಕ್ಕೆ ಸಮನಾದ 44.5 ಕಿಲೋನ್ಯೂಟನ್ ಬಲ. ಇಂದು ಅಮೆರಿಕ ಮತ್ತು ಯುರೋಪಿನಲ್ಲಿ ಹಳೆಯ ಸೇನಾ ವಾಹನಗಳನ್ನು ಉಳಿಸಿಕೊಳ್ಳುವ ಹವ್ಯಾಸಿಗಳು ವಿಂಚ್ ಇಲ್ಲದ ಟ್ರಕ್ಕಿಗೆ, ಗುಜರಿಗೆ ಹೋದ ಇನ್ನೊಂದು ಟ್ರಕ್ಕಿನ ವಿಂಚ್ ತಂದು ಜೋಡಿಸುತ್ತಾರೆ. 1944ರಲ್ಲಿ ಅಮೆರಿಕನ್ ಸೇನೆ ಹೊರಡಿಸಿದ ಟಿಎಂ 9-801 ಎಂಬ ಕೈಪಿಡಿ ಅವರಿಗೆ ಈಗಲೂ ದಾರಿ ತೋರಿಸುತ್ತದೆ.

ಬಲ ಸಾಗುವ ದಾರಿ

ಜೋಡಣೆ ಆರಂಭಿಸುವ ಮೊದಲು ಒಂದು ಹಾಳೆಯಲ್ಲಿ ಬಲದ ದಾರಿಯನ್ನು ಬರೆದುಕೊಳ್ಳಬೇಕು. ಎಂಜಿನ್‌ನಿಂದ ಗೇರುಪೆಟ್ಟಿಗೆ, ಅದರ ಬದಿಯಲ್ಲಿ ಕೂರಿಸಿದ ಪವರ್ ಟೇಕ್-ಆಫ್, ಅಂದರೆ ಎಂಜಿನ್ ಬಲವನ್ನು ಬೇರೆ ಕೆಲಸಕ್ಕೆ ತಿರುಗಿಸುವ ಸಣ್ಣ ಗೇರು ಘಟಕ, ಅಲ್ಲಿಂದ ಮುಂದಕ್ಕೆ ಓಡುವ ಉದ್ದನೆಯ ಶಾಫ್ಟ್, ಶಾಫ್ಟ್ ತುದಿಯಲ್ಲಿ ಒಂದು ಪಿನ್, ನಂತರ ವಿಂಚಿನ ವರ್ಮ್ ಗೇರು, ಉರುಳೆ, ಕೇಬಲ್, ಕೊಕ್ಕೆ, ಕೊನೆಗೆ ಮರ.

ದಾರಿ ಅಲ್ಲಿಗೆ ಮುಗಿಯುವುದಿಲ್ಲ. ಮರವನ್ನು ಎಳೆದಷ್ಟೇ ಬಲದಿಂದ ಕೇಬಲ್ ಉರುಳೆಯನ್ನೂ ಎಳೆಯುತ್ತದೆ. ಉರುಳೆ ತನ್ನ ಚೌಕಟ್ಟನ್ನು, ಚೌಕಟ್ಟು ಬೋಲ್ಟ್‌ಗಳನ್ನು, ಬೋಲ್ಟ್‌ಗಳು ಚಾಸಿಯ ಎರಡು ಉದ್ದ ತೊಲೆಗಳನ್ನು, ತೊಲೆಗಳು ಇಡೀ ಟ್ರಕ್ಕನ್ನು ಎಳೆಯುತ್ತವೆ. ಈ ಸರಪಳಿಯ ಪ್ರತಿಯೊಂದು ಕೊಂಡಿಯೂ ಅಷ್ಟೂ ಬಲವನ್ನು ಹೊರಬೇಕು. ಆದ್ದರಿಂದ ವಿಂಚ್ ಅನ್ನು ಬಂಪರಿಗೆ ಬಿಗಿದು ಕೆಲಸ ಮುಗಿಯಿತು ಎನ್ನುವಂತಿಲ್ಲ. ಬಂಪರ್ ಇರುವುದು ಡಿಕ್ಕಿಯ ತಳ್ಳುವಿಕೆಗೆ, ನಾಲ್ಕೂವರೆ ಟನ್ನಿನ ಎಳೆತಕ್ಕಲ್ಲ.

ಚಾಸಿ ಮತ್ತು ಸನ್ನೆಯ ಲೆಕ್ಕ

ವಿಂಚ್ ಇರುವ ಟ್ರಕ್ ವಿಂಚ್ ಇಲ್ಲದ ಟ್ರಕ್ಕಿಗಿಂತ ಸುಮಾರು ಒಂದು ಅಡಿ ಉದ್ದ. ಬಂಪರ್ ಮತ್ತು ರೇಡಿಯೇಟರ್ ನಡುವೆ ಉರುಳೆಗೆ ಜಾಗ ಬೇಕಲ್ಲ? ಅದಕ್ಕಾಗಿ ಚಾಸಿಯ ತೊಲೆಗಳನ್ನು ಮುಂದಕ್ಕೆ ಚಾಚಬೇಕು. ಚಾಚುವ ತುಂಡು ಹಳೆಯ ತೊಲೆಯ ಮೇಲೆ ಸಾಕಷ್ಟು ಉದ್ದಕ್ಕೆ ಒರಗಿ ಕೂತು, ಹಲವು ಬೋಲ್ಟ್‌ಗಳಿಂದ ಬಿಗಿಯಾಗಿರಬೇಕು.

ಬೋಲ್ಟ್ ತೂತು ಎಲ್ಲಿ ಕೊರೆಯಬೇಕು? ಚಾಸಿ ತೊಲೆಯ ಅಡ್ಡಕೊಯ್ತ ‘ಸಿ’ ಅಕ್ಷರದಂತಿದೆ. ತೊಲೆ ಬಾಗುವಾಗ ಮೇಲಿನ ಮತ್ತು ಕೆಳಗಿನ ಅಂಚಿನ ಪಟ್ಟಿಗಳ ಮೇಲೆ ಅತಿ ಹೆಚ್ಚು ಪೀಡನ ಬೀಳುತ್ತದೆ, ನಡುವಿನ ಲಂಬ ಗೋಡೆಯ ಮಧ್ಯದಲ್ಲಿ ಅತಿ ಕಡಿಮೆ. ಆದ್ದರಿಂದ ತೂತುಗಳು ಲಂಬ ಗೋಡೆಯಲ್ಲಿರಬೇಕು. ಅಂಚಿನ ಪಟ್ಟಿಗಳನ್ನು ಕೊರೆಯುವುದು, ಅವುಗಳ ಮೇಲೆ ಅಡ್ಡಲಾಗಿ ವೆಲ್ಡಿಂಗ್ ಮಾಡುವುದು ಬಿರುಕಿಗೆ ಆಹ್ವಾನ. ಸಾಧ್ಯವಾದಲ್ಲೆಲ್ಲ ಚಾಸಿಯಲ್ಲಿ ಮೊದಲೇ ಇರುವ ತೂತುಗಳನ್ನೇ ಬಳಸುವುದು ಒಳ್ಳೆಯದು.

ಇನ್ನು ತೂಕದ ಲೆಕ್ಕ. ಉದ್ದ ಮಾದರಿಯ ಸಿಸಿಕೆಡಬ್ಲ್ಯುವಿನ ಚಕ್ರಾಂತರ, ಅಂದರೆ ಮುಂದಿನ ಅಚ್ಚಿನಿಂದ ಹಿಂದಿನ ಎರಡು ಅಚ್ಚುಗಳ ನಡುಬಿಂದುವಿನವರೆಗಿನ ದೂರ, 164 ಅಂಗುಲ. ಸುಮಾರು 4.17 ಮೀಟರ್. ವಿಂಚ್, ಕೇಬಲ್, ಚೌಕಟ್ಟು ಎಲ್ಲ ಸೇರಿ 300 ಕಿಲೋಗ್ರಾಂ ಎಂದೂ, ಅದು ಮುಂದಿನ ಅಚ್ಚಿಗಿಂತ 1 ಮೀಟರ್ ಮುಂದಿದೆ ಎಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಹಿಂದಿನ ನಡುಬಿಂದುವನ್ನು ಆನಿಕೆ ಎಂದುಕೊಂಡರೆ:

ಮುಂದಿನ ಅಚ್ಚಿನ ಮೇಲೆ ಹೆಚ್ಚುವ ಹೊರೆ = 300 × 5.17 ÷ 4.17 = ಸುಮಾರು 372 ಕಿಲೋಗ್ರಾಂ.

ಇಟ್ಟದ್ದು 300, ಮುಂದಿನ ಅಚ್ಚಿಗೆ ಬಿದ್ದದ್ದು 372. ಉಳಿದ 72 ಕಿಲೋಗ್ರಾಂ ಎಲ್ಲಿಂದ ಬಂತು? ಹಿಂದಿನ ಅಚ್ಚುಗಳಿಂದ. ಮುಂದೆ ನೇತುಬಿದ್ದ ತೂಕ ಸನ್ನೆಯಂತೆ ಹಿಂಭಾಗವನ್ನು ಅಷ್ಟು ಎತ್ತಿದೆ. ಆದ್ದರಿಂದ ವಿಂಚ್ ಹಾಕುವವರು ಮುಂದಿನ ಲೀಫ್ ಸ್ಪ್ರಿಂಗ್‌ಗಳು, ಟೈರುಗಳು, ಬ್ರೇಕು, ಸ್ಟಿಯರಿಂಗ್ ಕೀಲುಗಳು ಈ ಹೆಚ್ಚುವರಿ ಹೊರೆ ತಾಳುವ ಸ್ಥಿತಿಯಲ್ಲಿವೆಯೇ ಎಂದು ಮೊದಲೇ ಪರೀಕ್ಷಿಸಬೇಕು. ಎಂಬತ್ತು ವರ್ಷದ ಸ್ಪ್ರಿಂಗ್ ಹೊಸ ಸ್ಪ್ರಿಂಗ್ ಅಲ್ಲ.

ಪಕ್ಕಕ್ಕೆ ಎಳೆದಾಗ ಏನಾಗುತ್ತದೆ ಎಂಬುದನ್ನೂ ನೋಡಿ. ಕೇಬಲ್ ನೇರಕ್ಕಿಂತ 30 ಡಿಗ್ರಿ ಓರೆಯಾಗಿದ್ದರೆ ಅಡ್ಡ ದಿಕ್ಕಿನ ಘಟಕ 44.5 × ಸೈನ್ 30 = ಸುಮಾರು 22 ಕಿಲೋನ್ಯೂಟನ್. ಎರಡು ಟನ್ನಿಗೂ ಮಿಕ್ಕ ಈ ಬಲ ಚಾಚಿದ ತೊಲೆಗಳನ್ನು ಪಕ್ಕಕ್ಕೆ ಬಾಗಿಸಲು ನೋಡುತ್ತದೆ. ಕೇಬಲ್ ಕೂಡ ಉರುಳೆಯ ಒಂದೇ ಮೂಲೆಯಲ್ಲಿ ಗುಪ್ಪೆ ಬೀಳುತ್ತದೆ. ನೇರ ಎಳೆತವೇ ಸುರಕ್ಷಿತ. ಓರೆ ಎಳೆತ ತಪ್ಪದಿದ್ದರೆ ಮಾರ್ಗದರ್ಶಿ ಉರುಳೆ ಬೇಕು, ಇಲ್ಲವೇ ಇನ್ನೊಂದು ಮರಕ್ಕೆ ಕಟ್ಟಿದ ರಾಟೆಯ ಮೂಲಕ ದಿಕ್ಕು ಬದಲಿಸಬೇಕು.

ಎಂಜಿನ್‌ನಿಂದ ಉರುಳೆಗೆ

ಪವರ್ ಟೇಕ್-ಆಫ್ ಅನ್ನು ಗೇರುಪೆಟ್ಟಿಗೆಯ ಬದಿಯಲ್ಲಿರುವ ಕಿಂಡಿಗೆ ಕೂರಿಸುತ್ತಾರೆ. ಕಿಂಡಿಯ ಮುಚ್ಚಳ ತೆಗೆದರೆ ಒಳಗಿನ ಗೇರು ಕಾಣುತ್ತದೆ, ಅದರ ಹಲ್ಲಿಗೆ ಇದರ ಹಲ್ಲು ಕೂಡಬೇಕು. ನಡುವೆ ಹಾಕುವ ಗ್ಯಾಸ್ಕೆಟ್‌ನ ದಪ್ಪವೇ ಈ ಕೂಡಿಕೆಯನ್ನು ನಿರ್ಧರಿಸುತ್ತದೆ. ತೆಳುವಾದರೆ ಹಲ್ಲುಗಳು ಒತ್ತಿಕೊಂಡು ಕಿರುಚುತ್ತವೆ, ದಪ್ಪವಾದರೆ ಸಡಿಲವಾಗಿ ಬಡಿದುಕೊಳ್ಳುತ್ತವೆ.

ಅಲ್ಲಿಂದ ಹೊರಟ ಶಾಫ್ಟ್ ಎಂಜಿನ್ ಪಕ್ಕದಲ್ಲೇ, ಮುಂದಿನ ಅಚ್ಚನ್ನು ದಾಟಿ ವಿಂಚಿಗೆ ಹೋಗಬೇಕು. ಎರಡು ತುದಿಗಳೂ ಒಂದೇ ಎತ್ತರದಲ್ಲಿರುವುದಿಲ್ಲ, ಆದ್ದರಿಂದ ಯುನಿವರ್ಸಲ್ ಜಾಯಿಂಟ್ ಬೇಕು. ಒಂದೇ ಜಾಯಿಂಟ್ ಓರೆಯಾಗಿ ತಿರುಗಿದರೆ ಅದರಾಚೆಯ ವೇಗ ಪ್ರತಿ ಸುತ್ತಿನಲ್ಲೂ ಏರಿಳಿಯುತ್ತದೆ. ಎರಡು ಜಾಯಿಂಟ್‌ಗಳನ್ನು ಸಮಾನ ಕೋನದಲ್ಲಿ, ಕವೆಗಳು ಒಂದೇ ಸಮತಲದಲ್ಲಿರುವಂತೆ ಜೋಡಿಸಿದರೆ ಒಂದರ ಏರಿಳಿತವನ್ನು ಇನ್ನೊಂದು ಸರಿಪಡಿಸುತ್ತದೆ. ಮುಂದಿನ ಚಕ್ರ ಗುಂಡಿಗೆ ಬಿದ್ದು ಅಚ್ಚು ಪೂರ್ತಿ ಮೇಲೆದ್ದಾಗಲೂ ಶಾಫ್ಟ್‌ಗೆ ತಗಲದಷ್ಟು ಜಾಗ ಬಿಟ್ಟಿರಬೇಕು.

ಕೊನೆಗೆ ವರ್ಮ್ ಗೇರು. ತಿರುಪಿನಂತಹ ಒಂದು ದಂಡ ಹಲ್ಲಿನ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತದೆ. ದಂಡ 30 ಸುತ್ತು ಸುತ್ತಿದರೆ ಉರುಳೆ ಒಂದು ಸುತ್ತು ಎಂದು ಲೆಕ್ಕಕ್ಕೆ ತೆಗೆದುಕೊಳ್ಳೋಣ. ತಿರುಪಿನ ಓರೆ ಕಡಿಮೆಯಿದ್ದಾಗ ದಂಡ ಚಕ್ರವನ್ನು ತಿರುಗಿಸುತ್ತದೆ, ಆದರೆ ಚಕ್ರ ದಂಡವನ್ನು ತಿರುಗಿಸಲಾರದು. ಎಂಜಿನ್ ನಿಂತರೂ ಹೊರೆ ಹಿಂದಕ್ಕೆ ಓಡುವುದಿಲ್ಲ. ಈ ಗುಣಕ್ಕೆ ಬೆಲೆ ತೆರಬೇಕು: ಇಂತಹ ಗೇರಿನ ದಕ್ಷತೆ ಸಾಮಾನ್ಯವಾಗಿ ಅರ್ಧದ ಆಸುಪಾಸು, ಉಳಿದದ್ದು ಶಾಖವಾಗಿ ಹೋಗುತ್ತದೆ. ಕಂಪನಕ್ಕೆ ಗೇರು ನಿಧಾನವಾಗಿ ಜಾರುವ ಸಾಧ್ಯತೆಯೂ ಇರುವುದರಿಂದ ವರ್ಮ್ ದಂಡಕ್ಕೆ ಪ್ರತ್ಯೇಕ ಬ್ರೇಕ್ ಇಡುತ್ತಾರೆ. ಆ ಬ್ರೇಕಿನ ಪಟ್ಟಿ ಸವೆದಿದ್ದರೆ ಮೊದಲು ಅದನ್ನು ಬದಲಿಸಬೇಕು.

ಈಗ ಟಾರ್ಕ್ ಲೆಕ್ಕ ಮಾಡೋಣ. ಉರುಳೆಯ ಮಧ್ಯದಿಂದ ಮೊದಲ ಸುತ್ತಿನ ಕೇಬಲ್‌ವರೆಗಿನ ತ್ರಿಜ್ಯ 8 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ.

ಉರುಳೆಯ ಟಾರ್ಕ್ = 44,500 × 0.08 = 3,560 ನ್ಯೂಟನ್-ಮೀಟರ್.
ಶಾಫ್ಟ್‌ನಲ್ಲಿ ಬೇಕಾದ ಟಾರ್ಕ್ = 3,560 ÷ (30 × 0.5) = ಸುಮಾರು 237 ನ್ಯೂಟನ್-ಮೀಟರ್.

ಈ ಎಂಜಿನ್‌ನ ಗರಿಷ್ಠ ಟಾರ್ಕ್ ಸುಮಾರು 290 ನ್ಯೂಟನ್-ಮೀಟರ್. ಗೇರುಪೆಟ್ಟಿಗೆಯೊಳಗೆ ವೇಗ ಇಳಿದಷ್ಟೂ ಟಾರ್ಕ್ ಇನ್ನೂ ಹೆಚ್ಚುತ್ತದೆ. ಎಂದರೆ ವಿಂಚ್ ತಾಳಬಲ್ಲದ್ದಕ್ಕಿಂತ ಹೆಚ್ಚು ಕೊಡುವ ತಾಕತ್ತು ಎಂಜಿನ್‌ಗೆ ಇದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

‘ಇಷ್ಟೆಲ್ಲ ಶಾಫ್ಟ್ ಏಕೆ, ವಿದ್ಯುತ್ ವಿಂಚ್ ಸಾಲದೆ?’ ಎಂದು ಕೇಳಬಹುದು. ಶಾಫ್ಟ್ ನಿಮಿಷಕ್ಕೆ 1,000 ಸುತ್ತು ತಿರುಗುವಾಗ 237 ನ್ಯೂಟನ್-ಮೀಟರ್ ಎಂದರೆ ಸುಮಾರು 25 ಕಿಲೋವ್ಯಾಟ್ ಸಾಮರ್ಥ್ಯ. ಸಿಸಿಕೆಡಬ್ಲ್ಯುವಿನ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಹತ್ತನೇ ಒಂದರಷ್ಟು ವೇಗಕ್ಕೆ ತೃಪ್ತಿಪಟ್ಟುಕೊಂಡರೂ 2,500 ವ್ಯಾಟ್ ಬೇಕು, ಅಂದರೆ 400 ಆಂಪಿಯರ್‌ಗಿಂತ ಹೆಚ್ಚು ವಿದ್ಯುತ್ ಪ್ರವಾಹ. ಹಳೆಯ ಬ್ಯಾಟರಿಗೆ ಅದು ಹೆಚ್ಚು ಹೊತ್ತು ನಡೆಯುವ ಮಾತಲ್ಲ.

ಕೇಬಲ್ ಸುತ್ತಿದಂತೆ ಬಲ ಏಕೆ ಇಳಿಯುತ್ತದೆ?

10,000 ಪೌಂಡ್ ಎಂಬ ಮಿತಿ ಉರುಳೆಯ ಮೇಲಿನ ಮೊದಲ ಪದರಕ್ಕೆ ಮಾತ್ರ. ಅರ್ಧ ಅಂಗುಲದ ಕೇಬಲ್ ಒಂದರ ಮೇಲೊಂದು ಪದರವಾಗಿ ಸುತ್ತಿಕೊಂಡಂತೆ ತ್ರಿಜ್ಯ ಪ್ರತಿ ಪದರಕ್ಕೂ ಸುಮಾರು 1.27 ಸೆಂಟಿಮೀಟರ್ ಬೆಳೆಯುತ್ತದೆ. ಟಾರ್ಕ್ ಅಷ್ಟೇ ಇದ್ದು ತ್ರಿಜ್ಯ ಹೆಚ್ಚಿದರೆ ಎಳೆಯುವ ಬಲ ಕಡಿಮೆಯಾಗಲೇಬೇಕು. ನಮ್ಮ ಉರುಳೆಗೆ ಲೆಕ್ಕ ಹೀಗೆ:

ಮೊದಲ ಪದರ: 44.5 ಕಿಲೋನ್ಯೂಟನ್
ಎರಡನೇ ಪದರ: 38.4 ಕಿಲೋನ್ಯೂಟನ್
ಮೂರನೇ ಪದರ: 33.8 ಕಿಲೋನ್ಯೂಟನ್
ಐದನೇ ಪದರ: 27.2 ಕಿಲೋನ್ಯೂಟನ್

ಕೇಬಲ್ ಹೆಚ್ಚು ಹೊರಗಿದ್ದಷ್ಟೂ ವಿಂಚ್ ಬಲಶಾಲಿ. ಹತ್ತಿರದ ಮರಕ್ಕಿಂತ ದೂರದ ಮರ ಮೇಲು.

ಹಾಗೆಂದು ಕೇಬಲ್ ಪೂರ್ತಿ ಬಿಚ್ಚಬಾರದು. ಕೇಬಲ್‌ನ ತುದಿಯನ್ನು ಉರುಳೆಗೆ ಹಿಡಿದಿಡುವ ಸಣ್ಣ ಕ್ಲಾಂಪ್ ನಾಲ್ಕೂವರೆ ಟನ್ ತಡೆಯುವುದಿಲ್ಲ. ತಡೆಯುವುದು ಸುತ್ತುಗಳ ಘರ್ಷಣೆ. ಘರ್ಷಣಾಂಕ 0.1 ಎಂದು ಹಿಡಿದರೆ ಐದು ಸುತ್ತುಗಳಲ್ಲಿ ಬಲ ಸುಮಾರು 23ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. 44.5 ಕಿಲೋನ್ಯೂಟನ್ ಎಳೆತದಲ್ಲಿ ಕ್ಲಾಂಪಿಗೆ ತಲುಪುವುದು 2 ಕಿಲೋನ್ಯೂಟನ್‌ಗಿಂತ ಕಡಿಮೆ. ಒಂದೇ ಸುತ್ತು ಉಳಿದಿದ್ದರೆ ಬಲ ಅರ್ಧದಷ್ಟಕ್ಕೆ ಮಾತ್ರ ಇಳಿದು, ಕ್ಲಾಂಪ್ ಕಿತ್ತು ಬರುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ನೋಡುವುದು ಸುಲಭ. ನಯವಾದ ದಂಡಕ್ಕೆ ದಾರವನ್ನು ಒಂದು, ಎರಡು, ಮೂರು ಸುತ್ತು ಹಾಕಿ, ಒಂದು ತುದಿಗೆ ಸಣ್ಣ ತೂಕದ ಬೊಟ್ಟು ಕಟ್ಟಿ, ಇನ್ನೊಂದು ತುದಿಯನ್ನು ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಸುತ್ತು ಹೆಚ್ಚಿದಂತೆ ತಕ್ಕಡಿಯ ಅಳತೆ ಕೂಡಿಕೆಯಲ್ಲಿ ಅಲ್ಲ, ಗುಣಾಕಾರದಲ್ಲಿ ಏರುವುದನ್ನು ಗಮನಿಸಿ.

ಒಂದು ಲೆಕ್ಕ: ಕೆಸರಿನಿಂದ ಮೇಲಕ್ಕೆ

ಹೊರೆ ಸೇರಿ 7 ಟನ್ ತೂಗುವ ಟ್ರಕ್ ಚಕ್ರದ ಆಳಕ್ಕೆ ಹೂತಿದೆ. ಎಷ್ಟು ಬಲ ಬೇಕು? ಅಮೆರಿಕನ್ ಸೇನೆಯ ವಾಹನ ರಕ್ಷಣಾ ಕೈಪಿಡಿಗಳಲ್ಲಿ ಒಂದು ಸರಳ ನಿಯಮವಿದೆ. ಚಕ್ರದ ಆಳದ ಕೆಸರಾದರೆ ಪ್ರತಿರೋಧ ವಾಹನದ ತೂಕದಷ್ಟು, ಮಡ್‌ಗಾರ್ಡಿನ ಆಳವಾದರೆ ಎರಡರಷ್ಟು, ಕ್ಯಾಬಿನ್‌ವರೆಗೆ ಮುಳುಗಿದ್ದರೆ ಮೂರರಷ್ಟು. ನಮ್ಮ ಲೆಕ್ಕದಲ್ಲಿ 7,000 × 9.8 = 68.6 ಕಿಲೋನ್ಯೂಟನ್. ವಿಂಚಿನ ಮಿತಿ 44.5. ನೇರ ಎಳೆತ ಸಾಲದು.

ರಾಟೆ ಇರುವುದು ಇದಕ್ಕೇ. ಮರಕ್ಕೆ ಒಂದು ರಾಟೆ ಕಟ್ಟಿ, ಕೇಬಲ್ ಅನ್ನು ಅದರ ಮೂಲಕ ತಿರುಗಿಸಿ, ತುದಿಯನ್ನು ಮರಳಿ ಟ್ರಕ್ಕಿನ ಚಾಸಿಗೇ ಸಿಕ್ಕಿಸಬೇಕು. ಈಗ ಟ್ರಕ್ಕನ್ನು ಎರಡು ಎಳೆಗಳು ಎಳೆಯುತ್ತವೆ. ಅದೇ ಕೈಪಿಡಿಗಳ ನಿಯಮದಂತೆ ಪ್ರತಿ ರಾಟೆಯ ಘರ್ಷಣೆಗೆ ಪ್ರತಿರೋಧದ ಶೇಕಡಾ 10ರಷ್ಟು ಸೇರಿಸಿದರೆ:

ಪ್ರತಿ ಎಳೆಯ ಬಲ = 68.6 × 1.1 ÷ 2 = ಸುಮಾರು 37.7 ಕಿಲೋನ್ಯೂಟನ್.

ಮೇಲಿನ ಪಟ್ಟಿ ನೋಡಿ. ಉರುಳೆಯಲ್ಲಿ ಒಂದು ಅಥವಾ ಎರಡು ಪದರ ಮಾತ್ರ ಉಳಿದಿದ್ದರೆ ಇದು ಸಾಧ್ಯ, ಮೂರನೇ ಪದರದಲ್ಲಿ ಸಾಧ್ಯವಿಲ್ಲ. ಎರಡು ಎಳೆ ಹಾಕಿದಾಗ ಎರಡರಷ್ಟು ಕೇಬಲ್ ಹೊರಗಿರುವುದರಿಂದ ಕೆಳಗಿನ ಪದರಗಳಿಗೆ ತಾನಾಗಿಯೇ ಇಳಿದಿರುತ್ತೇವೆ. ಆದರೆ ಮರದ ಕಡೆಗೂ ಗಮನವಿರಲಿ. ರಾಟೆಯ ಎರಡೂ ಬದಿಯ ಎಳೆತ ಸೇರಿ ಮರದ ಮೇಲೆ ಸುಮಾರು 75 ಕಿಲೋನ್ಯೂಟನ್, ಏಳೂವರೆ ಟನ್ನಿಗೂ ಹೆಚ್ಚು ಬೀಳುತ್ತದೆ. ಬೇರು ಸಡಿಲವಾದ ಮರ ಟ್ರಕ್ಕಿನ ಬದಲು ತಾನೇ ಬಂದುಬಿಡಬಹುದು.

ಶಿಯರ್ ಪಿನ್: ಮುರಿಯಲೆಂದೇ ಮಾಡಿದ ಭಾಗ

ಈಗ ಆರಂಭದ ಪ್ರಶ್ನೆಗೆ ಬರೋಣ. ಟ್ರಕ್ ಅಲ್ಲಾಡುತ್ತಿಲ್ಲ, ಚಾಲಕ ಎಂಜಿನ್ ವೇಗ ಹೆಚ್ಚಿಸುತ್ತಾನೆ. ವಿಂಚ್ ತಾಳುವುದಕ್ಕಿಂತ ಹೆಚ್ಚು ಕೊಡುವ ತಾಕತ್ತು ಎಂಜಿನ್‌ಗಿದೆ ಎಂದು ಆಗಲೇ ನೋಡಿದೆವು. ಸರಪಳಿಯಲ್ಲಿ ಏನಾದರೊಂದು ಮುರಿಯಲೇಬೇಕು. ಕೇಬಲ್ಲೇ, ಕೊಕ್ಕೆಯೇ, ಚಾಸಿಯೇ, ಗೇರಿನ ಹಲ್ಲೇ?

ವಿನ್ಯಾಸಕಾರರು ಇದನ್ನು ಅದೃಷ್ಟಕ್ಕೆ ಬಿಡಲಿಲ್ಲ. ಶಾಫ್ಟ್‌ನ ತುದಿ ಮತ್ತು ವಿಂಚಿನ ವರ್ಮ್ ದಂಡವನ್ನು ಮೆದು ಉಕ್ಕಿನ ಒಂದು ಸಣ್ಣ ಪಿನ್ ಅಡ್ಡಲಾಗಿ ಹಿಡಿದಿರುತ್ತದೆ. ಟಾರ್ಕ್ ಮಿತಿ ದಾಟಿದೊಡನೆ ಈ ಪಿನ್ ಕತ್ತರಿಸಿಹೋಗುತ್ತದೆ. ಶಾಫ್ಟ್ ಸುಮ್ಮನೆ ತಿರುಗುತ್ತದೆ, ವರ್ಮ್ ಗೇರು ಮತ್ತು ಬ್ರೇಕ್ ಹೊರೆಯನ್ನು ಇದ್ದಲ್ಲೇ ಹಿಡಿದಿಡುತ್ತವೆ. ಯಾರಿಗೂ ಪೆಟ್ಟಿಲ್ಲ. ಹೊಸ ಪಿನ್ ಹಾಕಿದರೆ ಮತ್ತೆ ಕೆಲಸ.

ಲೆಕ್ಕ ನೋಡಿ. ಪಿನ್‌ನ ವ್ಯಾಸ 6 ಮಿಲಿಮೀಟರ್, ಶಾಫ್ಟ್‌ನ ತ್ರಿಜ್ಯ 16 ಮಿಲಿಮೀಟರ್ ಎಂದಿರಲಿ. ಪಿನ್‌ನ ಅಡ್ಡಕೊಯ್ತ 28.3 ಚದರ ಮಿಲಿಮೀಟರ್, ಎರಡು ಕಡೆ ಕತ್ತರಿಸಬೇಕು. ಮೆದು ಉಕ್ಕು ಕತ್ತರಿಸಿಹೋಗುವ ಪೀಡನ ಚದರ ಮಿಲಿಮೀಟರಿಗೆ 280 ನ್ಯೂಟನ್ ಎಂದುಕೊಂಡರೆ:

ಪಿನ್ ಮುರಿಯುವ ಟಾರ್ಕ್ = 2 × 28.3 × 280 × 0.016 = ಸುಮಾರು 253 ನ್ಯೂಟನ್-ಮೀಟರ್.

ಪೂರ್ಣ ಎಳೆತಕ್ಕೆ ಬೇಕಾದ 237ಕ್ಕಿಂತ ಸ್ವಲ್ಪವೇ ಮೇಲೆ. ಹಾಗಿರಬೇಕಾದದ್ದೇ ಹೀಗೆ.

ಕೆಲಸದ ನಡುವೆ ಪಿನ್ ಎರಡು ಮೂರು ಸಲ ಮುರಿದರೆ ಬೇಸರವಾಗುವುದು ಸಹಜ. ‘ಒಂದು ಗಟ್ಟಿ ಬೋಲ್ಟ್ ಹಾಕಿಬಿಡೋಣ’ ಎಂಬ ಯೋಚನೆ ಬರುವುದು ಆಗಲೇ. ಅದೇ ದಪ್ಪದ ಹೈ-ಟೆನ್ಸೈಲ್ ಬೋಲ್ಟ್ ಚದರ ಮಿಲಿಮೀಟರಿಗೆ ಸುಮಾರು 480 ನ್ಯೂಟನ್ ತಾಳಬಲ್ಲದು. ಆಗ ಮಿತಿ 434 ನ್ಯೂಟನ್-ಮೀಟರಿಗೆ ಏರುತ್ತದೆ, ಕೇಬಲ್‌ನ ಎಳೆತ 81 ಕಿಲೋನ್ಯೂಟನ್‌ವರೆಗೆ ಹೋಗಬಲ್ಲದು. ಅರ್ಧ ಅಂಗುಲದ ಹೊಸ ಉಕ್ಕಿನ ಕೇಬಲ್ ತುಂಡಾಗುವುದು ಸುಮಾರು 95 ಕಿಲೋನ್ಯೂಟನ್‌ನಲ್ಲಿ. ತುಕ್ಕು ಹಿಡಿದ, ಎಳೆಗಳು ಮುರಿದ, ಒಮ್ಮೆ ಗಂಟು ಬಿದ್ದು ಮಡಚಿದ ಹಳೆಯ ಕೇಬಲ್ ಅದಕ್ಕಿಂತ ಎಷ್ಟೋ ಮೊದಲೇ ತುಂಡಾಗುತ್ತದೆ. ಪಿನ್ ಗಟ್ಟಿಯಾಯಿತು, ಅಪಾಯ ಪಿನ್‌ನಿಂದ ಕೇಬಲ್‌ಗೆ ವರ್ಗವಾಯಿತು, ಅಷ್ಟೇ.

ಕೇಬಲ್ ತುಂಡಾದರೆ ಏನಾಗುತ್ತದೆ? 30 ಮೀಟರ್ ಕೇಬಲ್ 44.5 ಕಿಲೋನ್ಯೂಟನ್ ಎಳೆತದಲ್ಲಿ ಸುಮಾರು 23 ಸೆಂಟಿಮೀಟರ್ ಹಿಗ್ಗಿರುತ್ತದೆ ಎಂದು ಅಂದಾಜಿಸೋಣ. ಅದರಲ್ಲಿ ಕೂಡಿಟ್ಟ ಸ್ಥಿತಿಸ್ಥಾಪಕ ಶಕ್ತಿ ½ × 44,500 × 0.23 = ಸುಮಾರು 5,100 ಜೌಲ್. 50 ಕಿಲೋಗ್ರಾಮಿನ ಸಿಮೆಂಟ್ ಮೂಟೆ ಮೂರಂತಸ್ತಿನ ಎತ್ತರದಿಂದ ಬಿದ್ದಾಗ ಇರುವ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ. ಆ ಶಕ್ತಿಯೆಲ್ಲ ಕ್ಷಣಾರ್ಧದಲ್ಲಿ ಚಾಟಿಯಂತೆ ಬೀಸುವ ಉಕ್ಕಿನ ತುದಿಯಲ್ಲಿ ಹೊರಬರುತ್ತದೆ. ಅಡ್ಡ ನಿಂತವರ ಕಾಲು, ಜೀವ ಎರಡೂ ಹೋಗಬಹುದು. ಕೆಲವೇ ರೂಪಾಯಿಯ ಪಿನ್ ಕಾಯುವುದು ವಿಂಚನ್ನಲ್ಲ, ಮನುಷ್ಯರನ್ನು.

ಬಳಸುವವರು ಪಾಲಿಸಬೇಕಾದ ನಿಯಮಗಳು

1. ಎಳೆಯುವಾಗ ಕೇಬಲ್ ಎಷ್ಟು ಉದ್ದ ಹೊರಗಿದೆಯೋ ಕನಿಷ್ಠ ಅಷ್ಟು ದೂರದಲ್ಲಿ ಎಲ್ಲರೂ ನಿಲ್ಲಬೇಕು. ಬಿಗಿದ ಕೇಬಲ್ ಅನ್ನು ದಾಟಬಾರದು.
2. ಕೇಬಲ್ ಮುಟ್ಟುವಾಗ ದಪ್ಪ ಚರ್ಮದ ಕೈಗವಸು ಇರಬೇಕು. ಓಡುತ್ತಿರುವ ಕೇಬಲ್ ಅಂಗೈಯೊಳಗೆ ಜಾರಲು ಬಿಡಬಾರದು. ಮುರಿದ ಒಂದೇ ಎಳೆ ಅಂಗೈ ಸೀಳಬಲ್ಲದು.
3. ಹೊಸ ಕೇಬಲ್ ಸುತ್ತುವಾಗ ಸ್ವಲ್ಪ ಹೊರೆ ಕೊಟ್ಟು, ಬಿಗಿಯಾಗಿ, ಸಾಲಾಗಿ ಸುತ್ತಬೇಕು. ಸಡಿಲ ಪದರದ ನಡುವೆ ಮೇಲಿನ ಪದರ ಹೂತು ಸಿಕ್ಕಿಕೊಳ್ಳುತ್ತದೆ.
4. ಉರುಳೆಯಲ್ಲಿ ಐದು ಸುತ್ತು ಯಾವಾಗಲೂ ಉಳಿದಿರಬೇಕು.
5. ಪವರ್ ಟೇಕ್-ಆಫ್ ಸನ್ನೆಗೋಲಿಗೆ ಬೀಗ ಇರಬೇಕು. ಓಡುತ್ತಿರುವ ಟ್ರಕ್ಕಿನಲ್ಲಿ ಅದು ಆಕಸ್ಮಿಕವಾಗಿ ಸೇರಿಕೊಂಡರೆ ವಿಂಚ್ ತನ್ನ ಕೇಬಲ್ ಅನ್ನೇ ಎಳೆದು ಮುರಿಯುತ್ತದೆ.
6. ಜೋಡಣೆ ಮುಗಿದ ಮೇಲೆ ಮೊದಲ ಪರೀಕ್ಷೆ ಸಣ್ಣ ಹೊರೆಯಿಂದ. ನಂತರ ಬೋಲ್ಟ್‌ಗಳನ್ನು ಮತ್ತೆ ಬಿಗಿದು, ಚಾಸಿಯಲ್ಲಿ ಬಿರುಕು ಹುಡುಕಿ, ಆಮೇಲೆ ಹೊರೆ ಹೆಚ್ಚಿಸಬೇಕು.
7. ಕೈಪಿಡಿ ಹೇಳಿದ ಲೋಹದ, ಅದೇ ಅಳತೆಯ ಪಿನ್ ಬಿಟ್ಟು ಬೇರೇನನ್ನೂ ಹಾಕಬಾರದು. ಬಿಡಿ ಪಿನ್‌ಗಳು ಟ್ರಕ್ಕಿನಲ್ಲೇ ಇರಲಿ.

ನಮ್ಮ ದೇಶದಲ್ಲಿ ವಾಹನಕ್ಕೆ ಇಂತಹ ಬದಲಾವಣೆ ಮಾಡಲು ಬಯಸುವವರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ಓದಬೇಕು. ನೋಂದಣಿ ಪತ್ರದಲ್ಲಿರುವ ವಿವರಕ್ಕೂ ತಯಾರಕರ ಮೂಲ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕರು ವಾಹನವನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ.

ಪಾಠದ ತಿರುಳು

ಒಳ್ಳೆಯ ಯಂತ್ರವೆಂದರೆ ಎಲ್ಲ ಭಾಗವೂ ಎಂದಿಗೂ ಮುರಿಯದ ಯಂತ್ರ ಎಂದು ನಾವು ಭಾವಿಸುತ್ತೇವೆ. ಅಂತಹ ಯಂತ್ರ ಇಲ್ಲ. ಯಾವ ಭಾಗ, ಎಷ್ಟು ಬಲಕ್ಕೆ, ಯಾರಿಗೂ ನೋವಾಗದಂತೆ ಮುರಿಯಬೇಕು ಎಂದು ಮೊದಲೇ ಲೆಕ್ಕ ಹಾಕಿರುವುದೇ ಒಳ್ಳೆಯ ಯಂತ್ರ. ಮನೆಯ ವಿದ್ಯುತ್ ಫ್ಯೂಸ್ ಮತ್ತು ಪ್ರೆಷರ್ ಕುಕ್ಕರಿನ ಸುರಕ್ಷತಾ ವಾಲ್ವ್ ಕೂಡ ಈ ಪಿನ್‌ನ ಬಂಧುಗಳೇ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟುವವರನ್ನು ಕಂಡರೆ ಈ ಲೆಕ್ಕವನ್ನು ಅವರಿಗೆ ವಿವರಿಸಿ.

ಅಭ್ಯಾಸ ಪ್ರಶ್ನೆಗಳು

1. ನಮ್ಮ ಉರುಳೆಯ ನಾಲ್ಕನೇ ಪದರದಲ್ಲಿ ಎಳೆಯುವ ಬಲ ಎಷ್ಟು?
2. 5 ಟನ್ ತೂಕದ ಟ್ರಕ್ ಮಡ್‌ಗಾರ್ಡಿನ ಆಳಕ್ಕೆ ಹೂತಿದೆ. ಒಂದು ರಾಟೆ, ಎರಡು ಎಳೆ ಸಾಕೇ? ಎರಡು ರಾಟೆ, ಮೂರು ಎಳೆ ಹಾಕಿದರೆ?
3. 6ರ ಬದಲು 5 ಮಿಲಿಮೀಟರ್ ವ್ಯಾಸದ ಮೆದು ಉಕ್ಕಿನ ಪಿನ್ ಹಾಕಿದರೆ ಮೊದಲ ಪದರದಲ್ಲಿ ವಿಂಚ್ ಎಷ್ಟು ಬಲದವರೆಗೆ ಎಳೆಯಬಲ್ಲದು?
4. ನಿಮ್ಮ ಮನೆ, ಪ್ರಯೋಗಾಲಯ ಅಥವಾ ಕಾಲೇಜು ಬಸ್ಸಿನಲ್ಲಿ ‘ಮೊದಲು ಮುರಿಯಲೆಂದೇ’ ಇಟ್ಟಿರುವ ಮೂರು ಭಾಗಗಳನ್ನು ಪಟ್ಟಿ ಮಾಡಿ.

ಉತ್ತರಗಳು: 1) ಸುಮಾರು 30.1 ಕಿಲೋನ್ಯೂಟನ್. 2) ಎರಡು ಎಳೆಗೆ ಪ್ರತಿ ಎಳೆಯಲ್ಲಿ 53.9 ಕಿಲೋನ್ಯೂಟನ್ ಬೇಕು, ಸಾಲದು. ಮೂರು ಎಳೆಗೆ 39.2 ಕಿಲೋನ್ಯೂಟನ್, ಮೊದಲ ಪದರದಲ್ಲಿ ಮಾತ್ರ ಸಾಧ್ಯ. 3) ಪಿನ್ ಸುಮಾರು 176 ನ್ಯೂಟನ್-ಮೀಟರಿಗೆ ಮುರಿಯುತ್ತದೆ, ಎಳೆತ ಸುಮಾರು 33 ಕಿಲೋನ್ಯೂಟನ್‌ಗೆ ಸೀಮಿತ. 4) ನಾಲ್ಕನೆಯದಕ್ಕೆ ಉತ್ತರವನ್ನು ನಿಮ್ಮ ಸುತ್ತಲೇ ಹುಡುಕಿ, ಮುಂದಿನ ಭೌತಶಾಸ್ತ್ರ ತರಗತಿಗೆ ತನ್ನಿ.